ಅರ್ಧ ಪೆಡಲಿನಲ್ಲಿ ಸಿಕ್ಕ ದೋಷ

ಲಾರಿ ತಪಾಸಣೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕಣ್ಣು ಬ್ರೇಕ್ ಪರೀಕ್ಷಿಸುವ ಯಂತ್ರದ ಪರದೆಯ ಕೊನೆಯ ಸಾಲಿನ ಮೇಲೇ ಇರುತ್ತಿತ್ತು. ಹಸಿರು ಬಂದರೆ ಮುಂದಿನ ಗಾಡಿ, ಕೆಂಪು ಬಂದರೆ ವಾಪಸ್. ಆ ಅಭ್ಯಾಸ ಬಿಡಿಸಿದ್ದು ಒಂದು ಟಿಪ್ಪರ್.

ಲೋಡ್ ತುಂಬಿಕೊಂಡೇ ಬಂದಿತ್ತು. ಅದು ಒಳ್ಳೆಯದೇ. ಖಾಲಿ ಲಾರಿಯನ್ನು ಆ ಯಂತ್ರದ ರೋಲರ್ ಮೇಲೆ ಹತ್ತಿಸಿದರೆ ಬ್ರೇಕ್ ತನ್ನ ಪೂರ್ತಿ ಶಕ್ತಿ ತೋರಿಸುವ ಮೊದಲೇ ಚಕ್ರ ಜಾರಿಬಿಡುತ್ತದೆ. ಆಗ ನಾವು ಅಳೆಯುವುದು ಟೈರಿನ ಹಿಡಿತವನ್ನು, ಬ್ರೇಕನ್ನಲ್ಲ. ಮುಂದಿನ ಆಕ್ಸಲ್ ರೋಲರ್‌ಗಳ ಮೇಲೆ ಕೂತಿತು. ಮೋಟರ್‌ಗಳು ಚಕ್ರಗಳನ್ನು ಗಂಟೆಗೆ 2–3 ಕಿ.ಮೀ. ವೇಗದಲ್ಲಿ ತಿರುಗಿಸುತ್ತವೆ. ಬ್ರೇಕ್ ಒತ್ತಿದಾಗ ಚಕ್ರ ರೋಲರನ್ನು ಎಷ್ಟು ಬಲವಾಗಿ ತಡೆಯಿತು ಅನ್ನುವುದೇ ಪರದೆಯ ಮೇಲಿನ ಅಂಕಿ. ಬಲಗಡೆ 17 ಕಿಲೋನ್ಯೂಟನ್ (ಬಲದ ಅಳತೆ), ಎಡಗಡೆ 15. ವ್ಯತ್ಯಾಸ ಸುಮಾರು ಶೇ. 12. ನಮ್ಮ ಮಿತಿ ಶೇ. 30. ನಾನು ಪಾಸ್ ಒತ್ತಲು ಹೊರಟಿದ್ದೆ.

ಹಿಂದೆ ನಿಂತಿದ್ದ ಹಿರಿಯ ತಪಾಸಕರು ಕೈ ಅಡ್ಡ ಹಿಡಿದರು. "ಡ್ರೈವರ್‌ಗೆ ಪೆಡಲ್ ನಿಧಾನಕ್ಕೆ ಒತ್ತೋಕೆ ಹೇಳು. ಅರ್ಧಕ್ಕೆ ನಿಲ್ಲಿಸ್ಲಿ."

ಅರ್ಧ ಪೆಡಲಿನಲ್ಲಿ ಬಲಗಡೆ 8, ಎಡಗಡೆ 4. ಅಂದರೆ ನೇರ ಅರ್ಧಕ್ಕರ್ಧ ವ್ಯತ್ಯಾಸ. ಪೆಡಲ್ ಬಿಟ್ಟಾಗ ಪರದೆಯಲ್ಲಿ ಬಲಗಡೆಯ ಬ್ರೇಕ್ ತೋರಿಸುವ ಗೆರೆ ತಟ್ಟನೆ ಸೊನ್ನೆಗೆ ಬಿತ್ತು, ಎಡಗಡೆಯದು ಒಲ್ಲದ ಮನಸ್ಸಿನಿಂದ ಇಳಿಯಿತು. ಏರುವಾಗಲೂ ತಡ, ಇಳಿಯುವಾಗಲೂ ತಡ.

ಆಗ ಡ್ರೈವರನ್ನು ಕೇಳಿದೆ. ಮೊದಲೇ ಕೇಳಬೇಕಿತ್ತು. "ಮೆಲ್ಲಗೆ ಹಿಡಿದ್ರೆ ಸ್ಟೀರಿಂಗ್ ಬಲಕ್ಕೆ ಎಳೆಯುತ್ತೆ ಸಾರ್, ಜೋರಾಗಿ ಹಿಡಿದ್ರೆ ಸರಿ ಇರುತ್ತೆ" ಅಂದ. ಯಂತ್ರ ಹೇಳಿದ್ದನ್ನೇ ಅವನ ಕೈಗಳು ತಿಂಗಳುಗಟ್ಟಲೆಯಿಂದ ಹೇಳುತ್ತಿದ್ದವು. ಪೂರ್ತಿ ಪೆಡಲ್ ಒತ್ತುವ ಸಂದರ್ಭ ಯಾವಾಗಲೋ ಒಮ್ಮೆ. ಇಳಿಜಾರಿನಲ್ಲಿ, ಒದ್ದೆ ರಸ್ತೆಯಲ್ಲಿ, ತಿರುವಿಗೆ ಮುಂಚೆ ದಿನಕ್ಕೆ ನೂರಾರು ಸಲ ಒತ್ತುವುದು ಈ ಅರ್ಧ ಪೆಡಲನ್ನೇ.

ಗಾಡಿಯ ಅಡಿ ನೋಡುವ ಗುಂಡಿಗೆ, ಅಂದರೆ ಪಿಟ್‌ಗೆ ಇಳಿದೆವು. ಎಡ ಡ್ರಮ್ಮಿನ ಹತ್ತಿರ ಮುಟ್ಟದೆ ಕೈ ಹಿಡಿದರೆ ಬಲಗಡೆಗಿಂತ ಬಿಸಿ ಹೆಚ್ಚು, ಬ್ರೇಕ್ ತಡವಾಗಿ ಬಿಡುತ್ತಿದ್ದುದರಿಂದ. ಏರ್ ಬ್ರೇಕಿನಲ್ಲಿ ಗಾಳಿ ತುಂಬುವ ಚೇಂಬರಿನ ಪುಶ್ ರಾಡ್ ಸ್ಲ್ಯಾಕ್ ಅಡ್ಜಸ್ಟರ್ ಅನ್ನುವ ಸನ್ನೆಯನ್ನು ತಳ್ಳುತ್ತದೆ, ಅದು ಕ್ಯಾಮ್ ಶಾಫ್ಟನ್ನು ತಿರುಗಿಸುತ್ತದೆ, ಅದರ ತುದಿಯ ಎಸ್ ಆಕಾರದ ಕ್ಯಾಮ್ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಎಡಗಡೆಯ ಶಾಫ್ಟ್ ಕೂರುವ ಬುಷ್‌ನಲ್ಲಿ ಗ್ರೀಸ್ ಅನ್ನುವುದೇ ಇರಲಿಲ್ಲ. ಗ್ರೀಸ್ ತುಂಬುವ ನಿಪ್ಪಲ್ ಮೇಲೆ ಮಣ್ಣು ಕಲ್ಲಾಗಿತ್ತು, ಸಂದಿಯಲ್ಲಿ ತುಕ್ಕಿನ ಕೆಂಪು ಪುಡಿ. ಕಡಿಮೆ ಗಾಳಿಯ ಒತ್ತಡಕ್ಕೆ ಶಾಫ್ಟ್ ಅಲುಗುತ್ತಿರಲಿಲ್ಲ. ಒತ್ತಡ ಜಾಸ್ತಿಯಾದಾಗ ತುಕ್ಕನ್ನು ಮೀರಿ ತಿರುಗುತ್ತಿತ್ತು. ಪೂರ್ತಿ ಪೆಡಲಿನ ಅಂಕಿ ಅಷ್ಟು ಚೆನ್ನಾಗಿ ಬಂದದ್ದು ಅದಕ್ಕೇ.

ಅದೇ ಗಾಡಿ ಅಲುಗುವ ಪ್ಲೇಟ್‌ಗಳ ಮೇಲೂ ಪಾಠ ಕಲಿಸಿತು. ಹೈಡ್ರಾಲಿಕ್ ಪ್ಲೇಟ್‌ಗಳು ಮುಂದಿನ ಚಕ್ರಗಳನ್ನು ಅತ್ತಿತ್ತ ಎಳೆಯುವಾಗ ಪಿಟ್‌ನಿಂದ ಟಾರ್ಚ್ ಹಿಡಿದು ಸ್ಟೀರಿಂಗಿನ ಕೊಂಡಿಗಳಾದ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಕಮಾನು ಪಟ್ಟಿಯ ಸ್ಪ್ರಿಂಗ್ ಪಿನ್ ಒಂದೊಂದನ್ನೇ ನೋಡಬೇಕು. ಕಮಾನು ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿದ್ದರೆ ಪಟ್ಟಿಯ ಹತ್ತಿರ ಉಜ್ಜಿದ ಹೊಳಪು ಕಾಣುತ್ತದೆ. ಇದರಲ್ಲಿ ಅದೆಲ್ಲ ಸರಿ ಇತ್ತು. ಬಲ ಚಕ್ರ ಮಾತ್ರ ಅಲುಗಿತು. "ಕಿಂಗ್ ಪಿನ್" ಅಂತ ಬರೆದುಕೊಂಡೆ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಪಿನ್ ಅದು. "ಬ್ರೇಕ್ ಹಿಡಿಸಿ ನೋಡು" ಅಂದರು ಹಿರಿಯರು. ಹಿಡಿದೊಡನೆ ಅಲುಗಾಟ ಮಾಯ. ಬ್ರೇಕ್ ಬಿಗಿದಾಗ ಚಕ್ರದ ನಡುಭಾಗವಾದ ಹಬ್ ಮತ್ತು ಅದನ್ನು ಹೊತ್ತ ಸ್ಟಬ್ ಆಕ್ಸಲ್ ಒಂದೇ ತುಂಡಿನ ಹಾಗೆ ನಿಲ್ಲುತ್ತವೆ, ಹಾಗಾಗಿ ಅವುಗಳ ನಡುವಿನ ಬೇರಿಂಗಿನ ಸಡಿಲ ಮರೆಯಾಗುತ್ತದೆ. ಕಿಂಗ್ ಪಿನ್ ಸವೆದಿದ್ದರೆ ಅಲುಗಾಟ ಉಳಿಯುತ್ತಿತ್ತು. ನನ್ನ ಮಾತು ನಂಬಿದ್ದರೆ ಮಾಲೀಕ ಸರಿಯಿದ್ದ ಪಿನ್ ಬಿಚ್ಚಿಸಿ, ಕೆಟ್ಟ ಬೇರಿಂಗ್ ಹಾಗೇ ಬಿಟ್ಟು ರಸ್ತೆಗಿಳಿಯುತ್ತಿದ್ದ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅಂದಿನಿಂದ ಪ್ರತಿ ಆಕ್ಸಲ್‌ಗೂ ಅರ್ಧ ಪೆಡಲಿನ ಅಂಕಿಯನ್ನು ವರದಿಯ ಅಂಚಿನಲ್ಲಿ ಕೈಯಲ್ಲೇ ಬರೆಯುತ್ತೇನೆ. ಫಾರಂನಲ್ಲಿ ಅದಕ್ಕೆ ಜಾಗವಿಲ್ಲ.

ಟಿಪ್ಪರ್ ಬುಷ್, ಬೇರಿಂಗ್ ಎರಡನ್ನೂ ಬದಲಿಸಿಕೊಂಡು ಮರಳಿ ಬಂತು. ಈ ಸಲ ಪೆಡಲ್ ಒತ್ತಿದ್ದು ನಾನು. ಡ್ರೈವರನ್ನು ಪರದೆಯ ಮುಂದೆ ನಿಲ್ಲಿಸಿದ್ದೆ. ಎರಡು ಗೆರೆಗಳೂ ಜೊತೆಯಾಗಿ ಏರಿ, ಜೊತೆಯಾಗಿ ಇಳಿದವು. "ಇನ್ನೊಂದ್ಸಲ ಒತ್ತಿ ಸಾರ್" ಅಂದ. ಒತ್ತಿದೆ.