ಶೇ. 6 ಎಂದು ಸಹಿ ಹಾಕಿದ ಪ್ರಬಂಧ

ನಾನು ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಗ್ರಂಥಪಾಲಕ. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ಸಾಮ್ಯತೆ ಪರೀಕ್ಷಿಸುವ ತಂತ್ರಾಂಶಕ್ಕೆ ಹಾಕಿ, ಅದು ತೋರಿಸಿದ ಶೇಕಡಾವಾರನ್ನು ಪ್ರಮಾಣಪತ್ರದಲ್ಲಿ ಬರೆದು ಸಹಿ ಮಾಡುವುದೂ ನನ್ನ ಕೆಲಸ. ಎರಡು ವರ್ಷದ ಹಿಂದೆ ಇತಿಹಾಸ ಎಂ.ಎ.ಯ ಇಬ್ಬರ ಪ್ರಬಂಧಗಳು ಒಂದೇ ವಾರದಲ್ಲಿ ನನ್ನ ಮೇಜಿಗೆ ಬಂದವು. ಇಬ್ಬರ ವಿಷಯದಲ್ಲೂ ನಾನು ತಪ್ಪಿದೆ.

ಮೊದಲನೆಯದು ಒಬ್ಬ ವಿದ್ಯಾರ್ಥಿನಿಯದು. ಎರಡನೆಯ ಅಧ್ಯಾಯದ ಮೊದಲ ಪುಟದಲ್ಲಿ ಆಕೆ ಒಂದು ಅಡಿಟಿಪ್ಪಣಿ ಹಾಕಿದ್ದಳು: ಅಧ್ಯಾಯದ ವಿಭಾಗಗಳನ್ನು ಜೋಡಿಸಲು ಚಾಟ್‌ಜಿಪಿಟಿಯ ನೆರವು ಪಡೆದಿದ್ದೇನೆ, ಇಂಥ ದಿನ ಇಂಥ ಪ್ರಶ್ನೆ ಕೇಳಿದೆ, ಬಂದ ಉತ್ತರ ಅನುಬಂಧದಲ್ಲಿದೆ ಎಂದು. ನಾನು ಅದನ್ನು ಓದಿ, "ಇದನ್ನು ತೆಗೆದುಬಿಡಮ್ಮ, ವೈವಾದಲ್ಲಿ ಸುಮ್ಮನೆ ತಕರಾರು" ಎಂದೆ. ಅವಳು ಮರುಮಾತಾಡದೆ ತೆಗೆದಳು.

ಎರಡನೆಯದು ಕೆರೆ ನೀರಾವರಿಯ ಬಗ್ಗೆ ಒಬ್ಬ ಹುಡುಗ ಬರೆದದ್ದು. ಸಾಮ್ಯತೆ ಶೇ. 6 ಬಂದಿತ್ತು, ಆಕರಸೂಚಿಯಲ್ಲಿ 41 ನಮೂದುಗಳಿದ್ದವು, ಎಲ್ಲಿಯೂ ಚಾಟ್‌ಜಿಪಿಟಿಯಂಥ ಯಂತ್ರದ ಹೆಸರಿರಲಿಲ್ಲ. ಕಣ್ಮುಚ್ಚಿ ಸಹಿ ಹಾಕಿದೆ.

ಮೌಖಿಕ ಪರೀಕ್ಷೆಯ ಹಿಂದಿನ ದಿನ ಆತ ಗ್ರಂಥಾಲಯಕ್ಕೆ ಬಂದ. ತಾನು ಉಲ್ಲೇಖಿಸಿದ್ದ ಶಾಸನವೊಂದರ ಮೂಲಪಾಠವನ್ನು ತೋರಿಸುವಂತೆ ಮಾರ್ಗದರ್ಶಕರು ಹೇಳಿದ್ದರಂತೆ. ಅಡಿಟಿಪ್ಪಣಿಯಲ್ಲಿ ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟ, ತುಮಕೂರು ತಾಲ್ಲೂಕು ಎಂದಿತ್ತು. ನನಗೆ ಆಗಲೇ ಎದೆ ಧಸಕ್ಕೆಂದಿತು, ಏಕೆಂದರೆ ರೈಸ್‌ನ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು; ತುಮಕೂರಿನದು 12. (ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮವೇ ಬೇರೆ, ಯಾವ ಆವೃತ್ತಿ ಎಂದು ಬರೆಯದವರೊಡನೆ ನನ್ನದು ಹಳೆಯ ಜಗಳ.) ಕೈತಪ್ಪಿನಿಂದ ಸಂಖ್ಯೆ ಬದಲಾಗಿರಬಹುದೆಂದು 12ನ್ನೂ ಇಳಿಸಿ, ಧೂಳು ಒರೆಸಿ, ತುಮಕೂರು ತಾಲ್ಲೂಕಿನ ಶಾಸನಗಳನ್ನು ಒಂದೊಂದಾಗಿ ನೋಡಿದೆವು. ಪ್ರಬಂಧದಲ್ಲಿ ಬಣ್ಣಿಸಿದ್ದ ಕೆರೆಯ ದತ್ತಿ ಎಲ್ಲಿಯೂ ಇರಲಿಲ್ಲ. ಸಂಜೆಯವರೆಗೆ ಕೂತು ಉಳಿದ ನಮೂದುಗಳನ್ನು ಹುಡುಕಿದಾಗ 9 ಲೇಖನಗಳು ಯಾವ ಪತ್ರಿಕೆಯಲ್ಲೂ ಸಿಗಲಿಲ್ಲ. ಎರಡಕ್ಕೆ ಸಂಪುಟ ಮತ್ತು ಪುಟಸಂಖ್ಯೆ ಇದ್ದದ್ದು ನಿಜ, ಆದರೆ ಆ ಪುಟಗಳಲ್ಲಿ ಇನ್ಯಾರದೋ ಲೇಖನವಿತ್ತು.

"ಸರ್, ಅದು ಪುಟಸಂಖ್ಯೆ ಸಮೇತ ಕೊಟ್ಟಿತ್ತು" ಎಂದ ಹುಡುಗ. ಆತ ಕಳ್ಳನಲ್ಲ. ತಾನು ಬರೆದ ವಾಕ್ಯಗಳನ್ನು ಯಂತ್ರದ ಮುಂದಿಟ್ಟು ಇದಕ್ಕೆ ಆಧಾರ ಕೊಡು ಎಂದು ಕೇಳಿದ್ದ. ಇಂಥ ಯಂತ್ರ ಮುಂದಿನ ಪದ ಯಾವುದಿರಬಹುದೆಂದು ಅಂದಾಜಿಸುತ್ತಾ ಬರೆಯುವಂಥದ್ದು. ಗ್ರಂಥಾಲಯದ ಕಪಾಟಿಗೆ ಕೈಹಾಕದೆ ಹಾಗೆ ಬರೆದಾಗ ಉಲ್ಲೇಖದ ಅಚ್ಚು ಸರಿಯಾಗಿ ಮೂಡುತ್ತದೆ, ಒಳಗಿನ ವಸ್ತು ಇರಲೇಬೇಕೆಂದಿಲ್ಲ.

ನನ್ನ ತಂತ್ರಾಂಶ ಇದನ್ನು ಏಕೆ ಹಿಡಿಯಲಿಲ್ಲ ಎಂಬುದು ಯೋಚಿಸಿದರೆ ನಗು ಬರುವಷ್ಟು ಸರಳ. ಅದು ಹುಡುಕುವುದು ಬೇರೆಡೆ ಇರುವ ವಾಕ್ಯದ ನಕಲನ್ನು. ಹೊಸದಾಗಿ ಕಟ್ಟಿದ ಸುಳ್ಳಿಗೆ ಮೂಲವೇ ಇಲ್ಲದಿರುವಾಗ ನಕಲು ಸಿಗುವುದೆಲ್ಲಿ? ಮೇಲಾಗಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಆಕರಸೂಚಿಯನ್ನು ಸಾಮ್ಯತೆಯ ಪರೀಕ್ಷೆಯಿಂದ ಹೊರಗಿಡಬೇಕು, ಮತ್ತು ಶೇ. 10ರವರೆಗಿನ ಸಾಮ್ಯತೆಗೆ ದಂಡವಿಲ್ಲ. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಅದಕ್ಕೆ ನಾಲ್ಕು ವರ್ಷ ಮೊದಲಿನ ನಿಯಮವನ್ನು ದೂರಿ ಪ್ರಯೋಜನವಿಲ್ಲ. ಆದರೆ ತಪ್ಪು ಅಡಗಿದ್ದ ಪುಟಗಳನ್ನೇ ಬಿಟ್ಟು ಅಳೆದ ಅಂಕಿಗೆ ನಾನು ಸಹಿ ಹಾಕಿದ್ದೆ.

ಆಮೇಲೆ ಉಲ್ಲೇಖದ ಶೈಲಿಗಳನ್ನು ಕೂತು ಓದಿದೆ. 2023ರ ಮಾರ್ಚ್‌ನಲ್ಲಿ ಎಂಎಲ್‌ಎ (ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್), ಯಂತ್ರವನ್ನು ಲೇಖಕನೆಂದು ಬರೆಯಬೇಡಿ, ಕೇಳಿದ ಪ್ರಶ್ನೆಯನ್ನೇ ಶೀರ್ಷಿಕೆಯ ಜಾಗದಲ್ಲಿಡಿ ಎಂದಿತು. ಮರುತಿಂಗಳು ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಲೇಖಕರ ಸ್ಥಾನದಲ್ಲಿ ತಯಾರಿಸಿದ ಕಂಪನಿಯ ಹೆಸರನ್ನು ಹಾಕಿ, ಆವೃತ್ತಿಯನ್ನೂ ನಮೂದಿಸಲು ಹೇಳಿತು. ಯಾವ ಶೈಲಿ ಎಂಬುದನ್ನು ವಿಭಾಗ ತೀರ್ಮಾನಿಸಲಿ, ನನಗೆ ತಕರಾರಿಲ್ಲ. ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಬೇರೆ: ಯಂತ್ರವನ್ನು ಉಲ್ಲೇಖಿಸಿದರೆ ಅದರ ಸಹಾಯ ಪಡೆದದ್ದನ್ನು ಒಪ್ಪಿಕೊಂಡಂತಾಗುತ್ತದೆಯೇ ಹೊರತು ಅದು ಹೇಳಿದ ಸಂಗತಿಗೆ ಆಧಾರ ಒದಗಿಸಿದಂತಾಗುವುದಿಲ್ಲ. ಶಾಸನದ ಮಾತಿಗೆ ಶಾಸನವನ್ನೇ ತೆರೆದು ನೋಡಬೇಕು.

ಈಗ ಪ್ರಮಾಣಪತ್ರ ಕೇಳಲು ಬಂದವರು ಯಾವ ಉಪಕರಣ, ಯಾವ ದಿನ, ಯಾವ ಕೆಲಸಕ್ಕೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಬಳಸದಿದ್ದರೆ ಬಳಸಿಲ್ಲವೆಂದು ಬರೆಯಬೇಕು. ಆಕರಸೂಚಿಯಲ್ಲಿ ನಾನು ಬೆರಳಿಟ್ಟ ಐದು ನಮೂದುಗಳನ್ನು ನನ್ನೆದುರೇ ತೆರೆದು ಪುಟ ತೋರಿಸಬೇಕು. ಒಂದು ಪ್ರಬಂಧಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಏಪ್ರಿಲ್‌ನಲ್ಲಿ ಬಾಗಿಲವರೆಗೆ ಸಾಲು ನಿಲ್ಲುತ್ತದೆ, ಬೈಗುಳವೂ ಕೇಳಿಸುತ್ತದೆ. ಎಐ ಬರಹವನ್ನು ಪತ್ತೆಹಚ್ಚುವ ತಂತ್ರಾಂಶ ತರಿಸೋಣ ಎಂದು ಕೆಲವರು ಸೂಚಿಸಿದರು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತಾನೇ ಮಾಡಿದ ಅಂಥದೊಂದನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂಪಡೆದದ್ದನ್ನು ನೆನಪಿಸಿದೆ.

ಹುಡುಗನಿಗೆ ತಿದ್ದಿ ಮರುಸಲ್ಲಿಸಲು ಅವಕಾಶ ಸಿಕ್ಕಿತು. ವಿದ್ಯಾರ್ಥಿನಿಯನ್ನು ಕರೆದು ಕ್ಷಮೆ ಕೇಳಿ, ಅಡಿಟಿಪ್ಪಣಿಯನ್ನು ಮತ್ತೆ ಸೇರಿಸು ಎಂದಾಗ ಮೂರೂ ಪ್ರತಿಗಳಿಗೆ ಆಗಲೇ ರಟ್ಟು ಬಿದ್ದಿತ್ತು. ವಿಭಾಗದ ಮುಖ್ಯಸ್ಥರ ಅನುಮತಿ ಪಡೆದು, ಅವಳು ಆ ನಾಲ್ಕು ಸಾಲುಗಳನ್ನು ಚೀಟಿಗಳಲ್ಲಿ ಕೈಯಾರೆ ಬರೆದಳು. ನಾನು ಪಕ್ಕದಲ್ಲಿ ಸಹಿ ಮಾಡಿ, ಎರಡನೆಯ ಅಧ್ಯಾಯದ ಮೊದಲ ಪುಟದ ಕೆಳಗೆ ಅಂಟಿಸಿದೆ.