ಆರ್ಗ್ಯಾನಿಕ್ ಪಾಕೀಟಿಗೆ ಜಾಸ್ತಿ ದುಡ್ಡು ಕೊಡಬೇಕಾ?

‘ಆರ್ಗ್ಯಾನಿಕ್ ಅಂತ ಬರದಿರ್ತಾರಲ್ರಿ, ಅದನ್ನ ತಿಂದ್ರ ಆರೋಗ್ಯಕ್ಕ ಖರೇನ ಒಳ್ಳೇದೇನು?’ ಸಿಂಧನೂರಿನಲ್ಲಿ ಪರಿಚಯದವರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ನನ್ನ ಉತ್ತರ: ಎಲ್ಲದಕ್ಕೂ ಜಾಸ್ತಿ ದುಡ್ಡು ಬೇಡ. ಖಾರದ ಪುಡಿಗೆ ಮಾತ್ರ ಖಂಡಿತ ಕೊಡಿ.

ಮೆಣಸಿನಕಾಯಿ ಹೊಲ ನೋಡಿದವರಿಗೆ ಕಾರಣ ಗೊತ್ತು. ಬಳ್ಳಾರಿ, ರಾಯಚೂರು ಕಡೆ ಮೆಣಸಿನಕಾಯಿ ಹಾಕಿದವರು ನುಸಿಗೆ, ಕಾಯಿಕೊರಕಕ್ಕೆ ಮೇಲಿಂದ ಮೇಲೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. 2021ರಲ್ಲಿ ಕಪ್ಪು ನುಸಿ ಬಂದು ಹೂವಿನೊಳಗೇ ಸೇರಿಕೊಂಡಾಗ ಎಷ್ಟೋ ಹೊಲ ಹಾಳಾದವು. ಸಾಲ ಮಾಡಿ ಬೆಳೆದವರು ಸುಮ್ನೆ ಕೂರಲು ಆಗುತ್ತಾ? ಮೂಗಿಗೆ ಟವೆಲ್ ಕಟ್ಟಿಕೊಂಡು ಬೆನ್ನಿಗೆ ಪಂಪು ಏರಿಸಿದ ಕೂಲಿಯವನಿಗೇ ಆ ವಿಷ ಮೊದಲು ತಾಗುವುದು. ಆಮೇಲೆ ಕಾಯಿ ಕಣದಲ್ಲಿ ಒಣಗಿ, ಚೀಲ ಸೇರಿ, ಗಿರಣಿಯಲ್ಲಿ ಪುಡಿಯಾಗಿ ನಮ್ಮ ಡಬ್ಬಿಗೆ ಬರುತ್ತದೆ. ಟೊಮೆಟೊ ಆದರೆ ತೊಳೆಯುತ್ತೇವೆ. ಒಣ ಮೆಣಸಿನಕಾಯಿ ಯಾರು ತೊಳೆಯುತ್ತಾರೆ?

ಜೋಳದ ಮಾತೇ ಬೇರೆ. ನಮ್ಮ ಎರೆ ಹೊಲದ ಹಿಂಗಾರಿ ಬಿಳಿಜೋಳ ನೆಲದ ಹಸಿಯಲ್ಲೇ ಬೆಳೆಯುತ್ತದೆ. ಅದಕ್ಕೆ ಎಣ್ಣೆ ಹೊಡೆಯುವವರೇ ಕಮ್ಮಿ. ಸಂತೆಯಲ್ಲಿ ಸಿಗುವ ಜೋಳವೇ ಸಾಕು. ಕಾಲುವೆ ಕೆಳಗಿನ ಭತ್ತ ಹಾಗಲ್ಲ, ಅಲ್ಲಿ ಗೊಬ್ಬರ, ಎಣ್ಣೆ ಎರಡೂ ಜಾಸ್ತಿ. ಆದರೆ ಪಾಲಿಶ್ ಮಾಡಿದ ಅಕ್ಕಿ ಸಾವಯವ ಆದರೂ ಅದರ ತೌಡು, ತೌಡಿನಲ್ಲಿದ್ದ ನಾರು ಹೋಗಿರುತ್ತದೆ. ಶುಗರ್ ಇದ್ದವರು ಇದು ಒಳ್ಳೇದು ಅಂತ ದುಬಾರಿ ಬೆಲೆಗೆ ಒಯ್ಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಾಗಾದರೆ ಸಂಶೋಧನೆ ಏನು ಹೇಳುತ್ತದೆ? 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದವರು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ವಿಟಮಿನ್ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕೀಟನಾಶಕದ ಉಳಿಕೆ ಮಾತ್ರ ಸಾವಯವದಲ್ಲಿ ಕಡಿಮೆ ಇತ್ತು. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್‌ ವಿಶ್ವವಿದ್ಯಾಲಯದವರ ವಿಶ್ಲೇಷಣೆಯಲ್ಲಿ ಸಾವಯವದಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ, ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಕಮ್ಮಿ ಎಂದು ಬಂತು. ಇದರಿಂದ ರೋಗ ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಮಟ್ಟಿಗೆ ವಿಷ ಕಡಿಮೆ ಅನ್ನುವುದೇ ದೊಡ್ಡ ಲಾಭ.

ಇನ್ನು ಪಾಕೀಟಿನ ಮೇಲಿನ ಚೀಟಿ. ಜವಾರಿ, ನ್ಯಾಚುರಲ್ ಅಂತ ದೊಡ್ಡದಾಗಿ ಬರೆದ ಮಾತ್ರಕ್ಕೆ ಸಾವಯವ ಆಗುವುದಿಲ್ಲ. ಜವಾರಿ ಬದನೆಗೂ ಎಣ್ಣೆ ಹೊಡೆಯುತ್ತಾರೆ. 2017ರ ಕೇಂದ್ರ ನಿಯಮದ ಪ್ರಕಾರ ಸಾವಯವ ಪಾಕೀಟಿನ ಮೇಲೆ ‘ಜೈವಿಕ ಭಾರತ’ ಗುರುತು ಇರಬೇಕು. ರೈತರ ಗುಂಪುಗಳೇ ಒಬ್ಬರ ಹೊಲ ಇನ್ನೊಬ್ಬರು ನೋಡಿ ಕೊಡುವ ಪ್ರಮಾಣಪತ್ರಕ್ಕೆ ಪಿಜಿಎಸ್ ಅನ್ನುತ್ತಾರೆ. ಪಾಕೀಟಿನ ಮೇಲೆ ‘ಪಿಜಿಎಸ್ ಗ್ರೀನ್’ ಅಂತ ಇದ್ದರೆ, ಆ ಹೊಲ ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಎಂದರ್ಥ. ಪೂರ್ತಿ ಆದ ಮೇಲೆ ‘ಪಿಜಿಎಸ್ ಆರ್ಗ್ಯಾನಿಕ್’ ಸಿಗುತ್ತದೆ. ಎರಡಕ್ಕೂ ಒಂದೇ ರೇಟು ಹಾಕಿದ್ದರೆ ಅಂಗಡಿಯವರನ್ನು ಕೇಳಿ.

ಸಣ್ಣ ರೈತರು ತಾವೇ ನೇರವಾಗಿ ಮಾರಿದರೆ ಸಾವಯವ ಪ್ರಮಾಣಪತ್ರ ಬೇಕಾಗಿಲ್ಲ, 2017ರ ಅದೇ ನಿಯಮದಲ್ಲಿ ವಿನಾಯಿತಿ ಇದೆ. ಹಾಗಾಗಿ ಚೀಟಿ ಇಲ್ಲ ಅಂತ ಅವರನ್ನು ಬಿಟ್ಟು ಮುಂದೆ ಹೋಗಬೇಡಿ. ‘ಅಣ್ಣಾ, ಕೊನೀ ಸಲ ಎಣ್ಣಿ ಯಾವಾಗ ಹೊಡದ್ರಿ?’ ಅಂತ ಕೇಳಿ. ಸಾಧ್ಯವಾದರೆ ಒಮ್ಮೆ ಅವರ ಹೊಲಕ್ಕೂ ಹೋಗಿ ಬನ್ನಿ.