ಫೆಲ್‌ವಿ ಪಾಸಿಟಿವ್ ಬೆಕ್ಕಿಗೆ ರಕ್ತ ಇಳಿದಾಗ

ಕಿಟ್‌ನಲ್ಲಿ ಫೆಲ್‌ವಿ (ಬೆಕ್ಕಿನ ಲ್ಯುಕೇಮಿಯಾ ವೈರಸ್) ಗೆರೆ ಮೂಡಿದೆ, ಒಸಡು ಬಿಳಿಚಿದೆ, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 13. 'ವೈರಸ್ಸೇ ಕಾರಣ' ಎಂದು ಬರೆದು ಕೇಸು ಮುಗಿಸಿಬಿಡುವವರು ನಮ್ಮಲ್ಲಿ ಬಹಳ. ವೈರಸ್ಸನ್ನು ಓಡಿಸುವ ಮದ್ದಿಲ್ಲ, ನಿಜ. ಆದರೆ ರಕ್ತ ಇಳಿದದ್ದಕ್ಕೆ ಮದ್ದಿರುವ ಕಾರಣವೂ ಇರಬಹುದು.

ಮೊದಲು ಸ್ಮಿಯರ್ (ಗಾಜಿನ ಮೇಲೆ ತೆಳ್ಳಗೆ ಎಳೆದ ರಕ್ತ) ಮತ್ತು ರೆಟಿಕ್ಯುಲೊಸೈಟ್ (ಹೊಸದಾಗಿ ಹುಟ್ಟಿದ ಕೆಂಪುಕಣ) ಎಣಿಕೆ. ಸ್ಮಿಯರನ್ನು ರಕ್ತ ತೆಗೆದ ಕೂಡಲೇ ಎಳೆಯಿರಿ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಟ್ಯೂಬಿನಲ್ಲಿ ಹೊತ್ತು ಕಳೆದರೆ, ಕೆಂಪುಕಣಕ್ಕೆ ಅಂಟಿ ರಕ್ತ ಇಳಿಸುವ ಬ್ಯಾಕ್ಟೀರಿಯಾ ಮೈಕೊಪ್ಲಾಸ್ಮಾ ಆ ಕಣದಿಂದ ಕಳಚಿಕೊಳ್ಳುತ್ತದೆ, ಕಾಣುವುದೇ ಇಲ್ಲ. ಸ್ಮಿಯರಿನಲ್ಲಿ ಕಾಣದಿದ್ದರೂ ಅನುಮಾನವಿದ್ದರೆ ಅದರ ಡಿಎನ್‌ಎ ಹುಡುಕುವ ಪಿಸಿಆರ್‌ಗೆ ಮಾದರಿ ತೆಗೆದಿಟ್ಟು ಡಾಕ್ಸಿಸೈಕ್ಲಿನ್ ಶುರುಮಾಡಿ: ಕೆಜಿಗೆ ದಿನಕ್ಕೆ 10 ಮಿಗ್ರಾಂ, ಮೂರು-ನಾಲ್ಕು ವಾರ. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ 5 ಮಿಲೀ ನೀರು ಕುಡಿಸಲೇಬೇಕು. ಒಣಮಾತ್ರೆ ಅನ್ನನಾಳದಲ್ಲಿ ಕೂತರೆ ಹುಣ್ಣಾಗಿ ನಾಳವೇ ಕಿರಿದಾಗುತ್ತದೆ.

ರೆಟಿಕ್ಯುಲೊಸೈಟ್ ಏರಿಲ್ಲ, ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) ಮಾತ್ರ ಹೆಚ್ಚಿದೆ ಎಂದರೆ ಅನುಮಾನ ರಕ್ತ ತಯಾರಿಸುವ ಮೂಳೆಮಜ್ಜೆಯ ಮೇಲೆ. ಇಲ್ಲಿ 'ಆಂಟಿವೈರಲ್' ಎಂದು ಜಿಡೊವುಡಿನ್ ಬರೆಯುವುದು ತಪ್ಪು. ಕೆಜಿಗೆ 5 ಮಿಗ್ರಾಂ ದಿನಕ್ಕೆರಡು ಸಲ ಕೊಟ್ಟಾಗಲೂ ಅದು ಮಜ್ಜೆಯನ್ನು ಇನ್ನಷ್ಟು ಅದುಮಬಲ್ಲದು. ಅದರ ಜಾಗ ಬೇರೆ: ಎಫ್‌ಐವಿ (ರೋಗನಿರೋಧಕ ಶಕ್ತಿ ಕುಂದಿಸುವ ಇನ್ನೊಂದು ವೈರಸ್) ಬೆಕ್ಕಿನ ಬಾಯಿಹುಣ್ಣು, ನರದ ತೊಂದರೆ. ಅಲ್ಲಿಯೂ ಮೊದಲ ತಿಂಗಳು ವಾರವಾರ ಸಿಬಿಸಿ (ಪೂರ್ಣ ರಕ್ತಕಣ ಎಣಿಕೆ) ಬೇಕು.

ರಕ್ತ ಕೊಡುವುದಾದರೆ ಕೆಜಿಗೆ 2 ಮಿಲೀ ಕೊಟ್ಟರೆ ಪಿಸಿವಿ ಸುಮಾರು 1 ಏರುತ್ತದೆ. 4 ಕೆಜಿ ಬೆಕ್ಕನ್ನು 13ರಿಂದ 19ಕ್ಕೆ ತರಲು 48 ಮಿಲೀ. 5 ಕೆಜಿಯ ದಾನಿ ಅಷ್ಟನ್ನು ಕೊಡಬಲ್ಲದು. ಬೆಕ್ಕಿನಲ್ಲಿ 'ಯಾರಿಗಾದರೂ ಆಗುವ' ಗುಂಪು ಇಲ್ಲ. ಬಿ ಗುಂಪಿನ ಬೆಕ್ಕಿಗೆ ಎ ರಕ್ತ ಒಂದೇ ಮಿಲೀ ಹೋದರೂ ಜೀವಕ್ಕೇ ಅಪಾಯ. ಆದ್ದರಿಂದ ಮೊದಲ ಸಲವೇ ಗುಂಪು ನೋಡಿ. ದಾನಿಗೆ ಕಿಟ್ ಟೆಸ್ಟ್ ಸಾಲದು, ಫೆಲ್‌ವಿ ಪಿಸಿಆರ್ ಕೂಡ ಬೇಕು. ವೈರಸ್ ಅಡಗಿ ಕೂತಿರುವ ಬೆಕ್ಕು ಕಿಟ್‌ನಲ್ಲಿ ನೆಗೆಟಿವ್ ಬರುತ್ತದೆ, ಆದರೆ ಅದರ ರಕ್ತದಿಂದ ಸೋಂಕು ಹರಡಬಲ್ಲದು. ಮೊದಲ ಅರ್ಧ ಗಂಟೆ ತೀರ ನಿಧಾನವಾಗಿ ಬಿಡಿ, ನಾಲ್ಕು ಗಂಟೆಯೊಳಗೆ ಮುಗಿಸಿ.

ಎಳೆ ವಯಸ್ಸಿನ ಬೆಕ್ಕು ಏದುಸಿರು ಬಿಡುತ್ತಿದ್ದರೆ ಎದೆಯೊಳಗಿನ ಲಿಂಫೋಮಾ (ಒಂದು ಬಗೆಯ ಬಿಳಿರಕ್ತಕಣಗಳ ಕ್ಯಾನ್ಸರ್) ನೆನಪಿರಲಿ. ಮೊದಲು ಆಕ್ಸಿಜನ್, ಆಮೇಲೆ ಎದೆನೀರು ತೆಗೆಯುವುದು, ಎಕ್ಸ್‌ರೇ ಕೊನೆಗೆ. ಎಕ್ಸ್‌ರೇಗೆಂದು ಮಲಗಿಸಿ ಅದುಮಿದರೆ ಟೇಬಲ್ ಮೇಲೆಯೇ ಪ್ರಾಣ ಹೋಗಬಹುದು. ತೆಗೆದ ನೀರನ್ನು ಸೈಟಾಲಜಿಗೆ (ಕೋಶಗಳ ಪರೀಕ್ಷೆಗೆ) ಕಳಿಸುವ ಮುನ್ನ ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್ ಕೊಡಬೇಡಿ, ಕೋಶಗಳು ಕರಗಿ ರೋಗವೇ ಗುರುತಿಗೆ ಸಿಗದೆ ಹೋಗುತ್ತದೆ.

ಲಿಂಫೋಮಾಗೆ ಸಿಒಪಿ (ಸೈಕ್ಲೋಫಾಸ್ಫಮೈಡ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸಲೋನ್ ಸೇರಿದ ಕೀಮೋ) ಶುರುವಾದರೆ ವಿನ್‌ಕ್ರಿಸ್ಟಿನ್ ಲೆಕ್ಕ ಚದರ ಮೀಟರಿಗೆ 0.5 ಮಿಗ್ರಾಂ. 4 ಕೆಜಿ ಬೆಕ್ಕಿನ ಮೈ ಸುಮಾರು 0.25 ಚದರ ಮೀಟರ್, ಅಂದರೆ 0.125 ಮಿಗ್ರಾಂ. ಮಿಲೀಗೆ 1 ಮಿಗ್ರಾಂ ಇರುವ ವಯಲ್‌ನಿಂದ ಇದು 0.125 ಮಿಲೀ, ಹಾಗಾಗಿ ಇನ್ಸುಲಿನ್ ಸಿರಿಂಜ್ ಅಥವಾ 1 ಮಿಲೀ ಸಿರಿಂಜೇ ಸರಿ. ಒಂದೇ ಚುಚ್ಚಿಗೆ ಕೂತ ಹೊಸ ಕ್ಯಾತೀಟರ್ ಮಾತ್ರ ಬಳಸಿ. ಔಷಧ ಹೊರಸೋರಿದರೆ ಕ್ಯಾತೀಟರ್ ಕೀಳಬೇಡಿ. ಅದರಲ್ಲೇ ಎಳೆದುಕೊಂಡು, ಆಮೇಲೆ ಬಿಸಿ ಕಾವು ಕೊಡಿ. ತಣ್ಣೀರು ಪಟ್ಟಿ ಈ ಔಷಧಕ್ಕಲ್ಲ. ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿರಕ್ತಕಣ) ಮೈಕ್ರೋಲೀಟರಿಗೆ 1000ಕ್ಕಿಂತ ಕಡಿಮೆಯಿದ್ದರೆ ಮುಂದಿನ ಡೋಸ್ ಒಂದು ವಾರ ಮುಂದಕ್ಕೆ ಹಾಕಿ. ಸೈಕ್ಲೋಫಾಸ್ಫಮೈಡ್ ಮಾತ್ರೆಯನ್ನು ಮುರಿಯಬಾರದು ಎಂದು ಮನೆಯವರಿಗೆ ಬರೆದೇ ಕೊಡಿ. ಕೀಮೋ ನಡೆಯುವಷ್ಟು ದಿನ ಮಣ್ಣಿನ ಟ್ರೇ ತೆಗೆಯುವಾಗ ಕೈಗವಸು ಇರಲಿ, ಮನೆಯಲ್ಲಿ ಗರ್ಭಿಣಿ ಇದ್ದರೆ ಆ ಕೆಲಸ ಬೇರೆಯವರು ಮಾಡಲಿ.